ಆಳಿನ ಪಾತ್ರಕ್ಕೆ ಬಿದ್ದ ಏಟು

ಹೊಡೆದವನು ನಾನು. ಮೊದಲು ಹೊಡೆದವನು, ಬೇಕೆಂದೇ ಹೊಡೆದವನು, ಹೊಡೆದದ್ದು ಸಾಲದೆ ಒದ್ದವನೂ ನಾನೇ. ನಮ್ಮ ಕನ್ನಡ ಕೂಟದ ಆ ದೀಪಾವಳಿ ನಾಟಕದಲ್ಲಿ ಸಂಗಮೇಶ ಅವರು ಇದ್ದಕ್ಕಿದ್ದಂತೆ ನನ್ನ ಮೇಲೆ ಬಿದ್ದರು ಎಂದು ಪೊಲೀಸರಿಗೆ ಹೇಳಿದೆನಲ್ಲ — ಅದು ಶುದ್ಧ ಸುಳ್ಳು. ಇಪ್ಪತ್ತೈದು ವರ್ಷದಿಂದ ಆ ಸುಳ್ಳನ್ನು ನೀವೆಲ್ಲ ನಂಬಿದ್ದೀರಿ. ನಂಬಿಸಿದವನು ನಾನು.

ಈ ಸಲದ ನಾಟಕ ಶುರುವಾಗುವ ಮುಂಚೆ ಅದೇ ಹಾಲಿನಲ್ಲಿ, ಅದೇ ಮೈಕಿನ ಮುಂದೆ ನಿಂತು ಇದನ್ನು ಓದುತ್ತೇನೆಂದು ಕೂಟದ ಕಾರ್ಯದರ್ಶಿಗೆ ಹೇಳಿದ್ದೇನೆ. ‘ಹಬ್ಬದ ದಿನ ಇದೆಲ್ಲ ಯಾಕೆ ಸರ್, ಬರ್ಕೊಡಿ, ವೆಬ್‌ಸೈಟಲ್ಲಿ ಹಾಕೋಣ’ ಎಂದಿತು ಆ ಹುಡುಗಿ. ಬೇಡಮ್ಮ. ಹೊಡೆದದ್ದು ಹಬ್ಬದ ದಿನ, ಜನರ ಮುಂದೆ. ಹೇಳುವುದೂ ಹಾಗೆಯೇ ಆಗಬೇಕು.

ನನ್ನನ್ನು ಬಲ್ಲವರಿಗೆ ನನ್ನ ಹುಚ್ಚೂ ಗೊತ್ತು — ಹಳೆಯ ಹಾಲಿವುಡ್ ಕಾಮಿಡಿಗಳು. ಕಪ್ಪು ಬಿಳುಪಿನವು. ಮೈಸೂರಿನಿಂದ ಅಮೆರಿಕದ ಈ ಮಿಲ್ಪಿಟಾಸ್‌ಗೆ ಬಂದ ಹೊಸದರಲ್ಲಿ ಇಂಗ್ಲಿಷ್ ಕಿವಿಗೆ ಹತ್ತಲೆಂದು ಲೈಬ್ರರಿಯಿಂದ ತಂದು ನೋಡತೊಡಗಿದೆ; ಆಮೇಲೆ ಬಿಡಲಾಗಲಿಲ್ಲ. ಬಾಗಿಲು ಮೂಗಿಗೆ ಬಡಿಯುವುದು, ಏಣಿ ಜಾರುವುದು, ಯಜಮಾನ ಮಾಡಿದ ತಪ್ಪಿಗೆ ಆಳು ಏಟು ತಿನ್ನುವುದು. ಆ ಆಳು ಯಾವಾಗಲೂ ಕರಿಯನೇ. ದೆವ್ವ ಕಂಡರೆ ಕಣ್ಣು ಗುಡ್ಡೆ ಹೊರಗೆ ಬರುವಂತೆ ಹೆದರುವವನು. ಇಲ್ಲವೇ ಚೀನಾದ ಅಡುಗೆಯವನು — ಅವನ ಇಂಗ್ಲಿಷ್ ಕೇಳಿ ನಗಬೇಕು, ಅವನ ಹಿಂಭಾಗಕ್ಕೆ ಒದ್ದರೆ ಇನ್ನೂ ನಗಬೇಕು. ನಾನು ನಕ್ಕಿದ್ದೇನೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಒಂದು ಸಲವೂ — ಒಂದು ಸಲವಾದರೂ ಇವನು ಯಾಕೆ ಹೀಗೆ ಎಂದು ಅನ್ನಿಸಲಿಲ್ಲ.

ಅನ್ನಿಸಿದ್ದು ಯಾವಾಗ ಗೊತ್ತೆ? ಒಂದು ಸಿನಿಮಾದಲ್ಲಿ ಬಿಳಿ ನಟನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಇಂಡಿಯಾದ ಡಾಕ್ಟರ್ ಎಂದು ಬಂದ. ಕತ್ತು ಅಲ್ಲಾಡಿಸಿ ಅಲ್ಲಾಡಿಸಿ ಮಾತಾಡಿದ. ನನ್ನ ಮೈಯೆಲ್ಲ ಉರಿದುಹೋಯಿತು. ರಿಮೋಟು ಬೀಸಿ ಒಗೆದೆ, ಗೋಡೆಗೆ ಬಡಿದು ಚೂರಾಯಿತು. ‘ನಾವು ಹೀಗಿದ್ದೀವೇನೇ?’ ಎಂದು ಹೆಂಡತಿಯ ಮೇಲೆ ಕೂಗಾಡಿದೆ, ಅವಳೇ ಆ ಸಿನಿಮಾ ತೆಗೆದವಳೇನೋ ಎಂಬಂತೆ. ಚಾನೆಲ್ಲಿನವರಿಗೆ ಉದ್ದದ ಇಮೇಲ್ ಕೂಡ ಬರೆದೆ. ಇದೆಲ್ಲ ನಡೆದ ವಾರವೇ ನಾನು ಕೂಟದ ನಾಟಕಕ್ಕೆ ಪಾರ್ಟು ಹಂಚಿದ್ದು.

ಆ ವರ್ಷ ನಾನೊಂದು ಹಳೆಯ ಇಂಗ್ಲಿಷ್ ಕಾಮಿಡಿಯನ್ನು ಕನ್ನಡಕ್ಕಿಳಿಸಿದ್ದೆ. ಶ್ರೀಮಂತನ ಮನೆ, ಒಬ್ಬ ಯಜಮಾನ, ಅವನ ಡಾಕ್ಟರು, ಅವನ ಆಳು. ಯಜಮಾನ ನಾನು — ಇನ್ಯಾರು? ಮೂಲದಲ್ಲಿ ಆಳು ಕರಿಯ. ಕನ್ನಡದಲ್ಲಿ ಅವನನ್ನು ಏನು ಮಾಡುವುದು? ಒಂದು ನಿಮಿಷವೂ ಯೋಚಿಸಲಿಲ್ಲ. ಹುಬ್ಬಳ್ಳಿ ಕಡೆಯವನನ್ನಾಗಿ ಮಾಡಿದೆ. ನಮ್ಮ ನಾಟಕಗಳಲ್ಲಿ ಆಳು, ಪೇದೆ, ಪೆದ್ದ ಎಲ್ಲರೂ ಆ ಭಾಷೆಯವರೇ ತಾನೆ? ಬಾಯಿ ಬಿಟ್ಟರೆ ಸಾಕು, ಬೆಂಗಳೂರು ಮೈಸೂರಿನವರು ನಗುತ್ತೀರಿ. ನಾನೂ ನಗುತ್ತಿದ್ದೆ. ಅದಕ್ಕೆ ಸರಿಯಾಗಿ ಆ ಕಡೆಯವರು ಒಬ್ಬರು ಕೈಗೆ ಸಿಕ್ಕಿದ್ದರು.

ಸಂಗಮೇಶ ಗದಗಿನವರು. ಚಿಪ್ ಕಂಪನಿಯೊಂದರಲ್ಲಿ ನನ್ನಂತೆಯೇ ಇಂಜಿನಿಯರು, ಕೆಲಸದಲ್ಲಿ ನನಗಿಂತ ಒಂದು ಕೈ ಮೇಲು. ಅವರು ನನ್ನನ್ನು ‘ಭೂಷಣ ಅವ್ರ’ ಎನ್ನುತ್ತಿದ್ದರು. ನಾನು ಮೊದಲ ದಿನದಿಂದಲೇ ‘ಏನಯ್ಯಾ’. ಅವರು ಬಂದದ್ದು ಡಾಕ್ಟರ ಪಾರ್ಟು ಕೇಳಿಕೊಂಡು. ‘ನಿನ್ನ ಭಾಷೆಗೆ ಆಳಿನ ಪಾರ್ಟೇ ಸರಿ ಕಣಯ್ಯ’ ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿ, ನಕ್ಕು ಒಪ್ಪಿಕೊಂಡರು. ಆ ನಗು ಎಂಥದೆಂದು ಈಗ ಗೊತ್ತು.

ನಮ್ಮ ಗರಾಜಿನಲ್ಲಿ ರಿಹರ್ಸಲ್. ನಾಟಕದ ಏಟಿಗೆ ಒಂದು ಕ್ರಮವಿದೆ — ಹೊಡೆಯುವವನ ಅಂಗೈ ಕೆನ್ನೆಯ ಮುಂದೆ ಗಾಳಿಯಲ್ಲೇ ಹಾದುಹೋಗಬೇಕು. ಅದೇ ಹೊತ್ತಿಗೆ ಏಟು ತಿನ್ನುವವನು ಸೊಂಟದ ಹತ್ತಿರ ಒಂದು ಚಪ್ಪಾಳೆ ತಟ್ಟಿ ಮುಖ ಹೊರಳಿಸಬೇಕು. ಸದ್ದು ಮಾಡುವವನು ತಿನ್ನುವವನೇ. ಸಂಗಮೇಶ ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ ನೋಡಲು ಬಂದ ಹೆಂಗಸರು ‘ಅಯ್ಯೋ’ ಎನ್ನುತ್ತಿದ್ದರು. ಒಂದು ದಿನ ನಾನು ಕಾಡಿಗೆಗೆ ಕೊಬ್ಬರಿ ಎಣ್ಣೆ ಕಲಸಿ ಅವರ ಮುಖಕ್ಕೆ ಬಳಿಯಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

‘ಮಸಿ ಯಾಕ ಬೇಕ್ರಿ? ನಾ ಹೆಂಗೂ ಕರ್ರಗ ಅದೀನಿ.’

‘ಸ್ಟೇಜ್ ಲೈಟಿಗೆ ಇನ್ನೂ ಬೇಕಾಗುತ್ತೆ. ಹೇಳಿದಷ್ಟು ಮಾಡು.’

ಎಲ್ಲರೂ ನಕ್ಕರು. ಅವರು ಕೈ ಬಿಟ್ಟರು. ನಾನು ಬಳಿದೆ — ನೆನೆದರೆ ನನ್ನ ಬೆರಳುಗಳನ್ನೇ ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ.

ನಾಟಕದ ದಿನ ಸಂಗಮೇಶ ಗ್ರೀನ್‌ರೂಮಿಗೆ ತೊಳೆದ ಮುಖದಲ್ಲಿ ಬಂದರು. ‘ಮಗಳು ಮುಂದಿನ ಸಾಲಿನ್ಯಾಗ ಕುಂತಾಳ್ರಿ. ಇವತ್ತ ಮಸಿ ಹಚ್ಚಿಕೊಳ್ಳಂಗಿಲ್ಲ. ಡೈಲಾಗ್ ಹೇಳ್ತೀನಿ, ಏಟೂ ತಿಂತೀನಿ. ಮಸಿ ಒಂದು ಆಗಂಗಿಲ್ಲ’ ಎಂದರು. ಜೋರಾಗಿ ಹೇಳಲಿಲ್ಲ. ಮಗಳು ಮೇಘಾ ಆಗ ಮೂರನೆಯ ಕ್ಲಾಸಿನಲ್ಲಿತ್ತು. ಅಪ್ಪನ ನಾಟಕವೆಂದು ರೇಷ್ಮೆ ಲಂಗ ಹಾಕಿಕೊಂಡು ಕುಳಿತಿತ್ತು. ನನಗೆ ಕೋಪ ನೆತ್ತಿಗೇರಿತು. ನನ್ನ ನಾಟಕ, ನನ್ನ ಆಳು, ನನಗೇ ಇಲ್ಲವೆನ್ನುತ್ತಾನಲ್ಲ! ಆದರೆ ಪರದೆ ಏಳುವ ಹೊತ್ತಾಗಿತ್ತು. ಹಲ್ಲು ಕಚ್ಚಿಕೊಂಡು ವೇದಿಕೆಗೆ ನಡೆದೆ.

ಮೊದಲ ಏಟುಗಳೆಲ್ಲ ರಿಹರ್ಸಲ್‌ನಂತೆಯೇ ನಡೆದವು. ನನ್ನ ಕೈ ಗಾಳಿಯಲ್ಲಿ, ಅವರ ಚಪ್ಪಾಳೆ ಸೊಂಟದಲ್ಲಿ. ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ಆಮೇಲೆ ಕಾಫಿ ತರುವ ದೃಶ್ಯ ಬಂತು. ನಾನು, ‘ಏಯ್, ನಿನಗೆ ಕನ್ನಡ ಬರುತ್ತೇನೋ?’ ಎನ್ನಬೇಕು, ಆಳು ಕಣ್ಣು ಹೊರಳಿಸಿ ‘ಇಲ್ರಿ ಬುದ್ಧಿ’ ಎನ್ನಬೇಕು. ಹಾಗೆಂದು ನಾನೇ ಬರೆದದ್ದು. ಸಂಗಮೇಶ ಎರಡೂ ಕೈಯಲ್ಲಿ ಟ್ರೇ ಹಿಡಿದು ನೆಟ್ಟಗೆ ನಿಂತು ಹೇಳಿದರು —

‘ಬರತೈತ್ರಿ ಯಜಮಾನ್ರ. ನಿಮಗ ತಿಳಿಯಂಗಿಲ್ಲ, ಅಷ್ಟ.’

ಹಾಲ್ ಕಿತ್ತುಹೋಗುವಂಥ ಚಪ್ಪಾಳೆ. ಶಿಳ್ಳೆ. ಅದುವರೆಗೆ ಅಷ್ಟು ದೊಡ್ಡ ನಗು ಬಂದಿರಲಿಲ್ಲ, ಬಂದದ್ದು ನನ್ನ ಮೇಲೆ. ಮುಂದಿನ ಸಾಲಿನಲ್ಲಿ ಆ ಮಗು ಎದ್ದು ನಿಂತು ಕುಣಿಯುತ್ತಿತ್ತು. ನಾನು — ಅಲ್ಲಿ ಏಟು ಇರಲಿಲ್ಲ. ಬರೆದಿರಲಿಲ್ಲ, ರಿಹರ್ಸಲ್ ಮಾಡಿರಲಿಲ್ಲ. ಅವರ ಕೈಯಲ್ಲಿ ಟ್ರೇ ಇದೆ, ಮುಖ ತಪ್ಪಿಸಿಕೊಳ್ಳಲಾರರು, ಇದೆಲ್ಲ ನನಗೆ ಕಾಣುತ್ತಿತ್ತು. ಕಂಡೇ ಹೊಡೆದೆ. ಅಂಗೈ ಬಾಗಿಸಿ, ಭುಜದ ಬಲವೆಲ್ಲ ಹಾಕಿ, ಎಡಗಿವಿಯ ಮೇಲೆ.

ಕಾಫಿ ಕಪ್ಪುಗಳು ಬಿದ್ದು ಪುಡಿಯಾದವು. ನೀವು ಇನ್ನೂ ಜೋರಾಗಿ ನಕ್ಕಿರಿ. ಸಂಗಮೇಶ ಒಂದು ಹೆಜ್ಜೆ ತೂರಾಡಿ, ಕಿವಿಗೆ ಕೈ ಹಿಡಿದು, ನನಗೆ ಮಾತ್ರ ಕೇಳುವಂತೆ ಕೇಳಿದರು. ‘ಭೂಷಣ ಅವ್ರ… ಖರೇನ ಹೊಡದ್ರ್ಯಾ?’

ಅಲ್ಲಿಗೆ ನಿಲ್ಲಿಸಬಹುದಿತ್ತು. ತಪ್ಪಾಯಿತು ಎಂದು ಒಂದು ಮಾತು ಪಿಸುಗುಟ್ಟಿದ್ದರೆ ಆ ಮನುಷ್ಯ ಆ ಗಳಿಗೆಯಲ್ಲೂ ನಾಟಕ ಮುಗಿಸಿಕೊಡುತ್ತಿದ್ದರು, ನನಗೆ ಗೊತ್ತು. ಆದರೆ ನಗು ನನ್ನ ಕಡೆಗೆ ವಾಪಸು ಬಂದಿತ್ತು — ಅದರ ರುಚಿ ಹತ್ತಿಬಿಟ್ಟಿತ್ತು. ಇನ್ನೊಂದು ಕೆನ್ನೆಗೆ ಬಿಗಿದೆ. ಅವರು ತಿರುಗಿದಾಗ, ಆ ಸಿನಿಮಾಗಳಲ್ಲಿ ಚೀನಾದ ಅಡುಗೆಯವನಿಗೆ ಒದೆಯುತ್ತಾರಲ್ಲ, ಥೇಟ್ ಹಾಗೆ ಹಿಂದಿನಿಂದ ಒದ್ದೆ. ಸಂಗಮೇಶ ಒಡೆದ ಕಪ್ಪುಗಳ ಮೇಲೆ ಅಂಗೈಯೂರಿ ಬಿದ್ದರು. ಎದ್ದಾಗ ಕೈಯಿಂದ ರಕ್ತ ಸುರಿಯುತ್ತಿತ್ತು. ಆ ಕೈಯನ್ನೇ ಮುಷ್ಟಿ ಮಾಡಿ ನನ್ನ ಮೂಗಿಗೆ ಗುದ್ದಿದರು. ಮೂಳೆ ಮುರಿದ ಸದ್ದು ನನ್ನ ತಲೆಯೊಳಗೇ ಕೇಳಿಸಿತು. ಸೋಫಾದ ಮೇಲೆ ಬಿದ್ದವನ ಅಂಗಿ ಹಿಡಿದೆತ್ತಿ ಮತ್ತೆ ಗುದ್ದಿದರು. ಹಲ್ಲೊಂದು ಕಿತ್ತು ನಾಲಗೆಯ ಮೇಲೆ ಬಂತು. ನೀವು ನಗುತ್ತಲೇ ಇದ್ದಿರಿ. ಯಾರೋ ಕಿರುಚಿದ ಮೇಲೆ ನಿಂತಿತು ಆ ನಗು. ಆಗ ಕೇಳಿಸಿದ್ದು ಮಗುವಿನ ಧ್ವನಿ ಒಂದೇ. ‘ಅಪ್ಪಾ ಸ್ಟಾಪ್! ಅಪ್ಪಾ ಪ್ಲೀಸ್ ಸ್ಟಾಪ್!’

ಪೊಲೀಸರು ಬಂದರು. ಮೂಗಿಗೆ ಐಸ್ ಹಿಡಿದು ಕುಳಿತಿದ್ದ ನಾನು ಇಂಗ್ಲಿಷಿನಲ್ಲಿ, ಬಲು ಸಭ್ಯವಾಗಿ ಹೇಳಿದೆ. ನಾಟಕ ಸರ್, ಕಾಮಿಡಿ. ನಾನು ಅವರನ್ನು ಮುಟ್ಟಲೂ ಇಲ್ಲ, ಅದೆಲ್ಲ ಅಭಿನಯ. ಅವರಿಗೆ ಏನಾಯಿತೋ ತಿಳಿಯದು. ಸಂಗಮೇಶ, ‘ಅವರೇ ಮೊದಲು ಹೊಡೆದರು’ ಎಂದರು. ಪೊಲೀಸಿನವನು ನಿಮ್ಮ ಕಡೆ ತಿರುಗಿದ. ನೀವು ಒಬ್ಬರಾದ ಮೇಲೊಬ್ಬರು, ಅದು ನಾಟಕದ ಭಾಗ, ಅದು ನಾಟಕದ ಭಾಗ ಎಂದಿರಿ. ನೀವು ಸುಳ್ಳು ಹೇಳಲಿಲ್ಲ, ನಿಮಗೆ ಕಂಡದ್ದೇ ಹಾಗೆ. ಕೂಟದ ಡಿವಿಡಿಯಲ್ಲೂ ಹಾಗೆಯೇ ಕಾಣುತ್ತದೆ, ಕ್ಯಾಮೆರಾಗೆ ನನ್ನ ಬೆನ್ನು ಅಡ್ಡವಾಗಿದೆ, ಟ್ರೇ ಹಿಡಿದ ಕೈಗಳು ಕಾಣುವುದಿಲ್ಲ. ಆಳಿಗೆ ಬಿದ್ದ ಏಟು ತಮಾಷೆ. ಯಜಮಾನನಿಗೆ ಬಿದ್ದದ್ದು ಹಲ್ಲೆ. ರೇಷ್ಮೆ ಲಂಗದ ಮಗಳ ಮುಂದೆ ಅಪ್ಪನ ಕೈಗಳನ್ನು ಬೆನ್ನ ಹಿಂದೆ ತಿರುಚಿ ಬೇಡಿ ಹಾಕಿದರು. ಅವರು ನನ್ನ ಕಡೆ ನೋಡಿದರು. ನಾನು ಐಸಿನ ಹಿಂದೆ ಮುಖ ಮುಚ್ಚಿಕೊಂಡೆ.

ಆಮೇಲಿನದು ನಿಮಗೇ ಗೊತ್ತು. ಕೋರ್ಟು, ಸಿಟ್ಟು ಹಿಡಿತದಲ್ಲಿಡುವುದು ಹೇಗೆಂಬ ಕ್ಲಾಸು — ಹೌದು, ಅವರಿಗೆ! ಅಂಥ ಕ್ಲಾಸಿನಲ್ಲಿ ಕೂರಬೇಕಾದವನು ಮನೆಯಲ್ಲಿ ಹೊಸ ಹಲ್ಲು ಕಟ್ಟಿಸಿಕೊಂಡು ಗಂಜಿ ಕುಡಿಯುತ್ತಿದ್ದ. ಕಂಪನಿ ಅವರನ್ನು ಬಿಟ್ಟಿತು. ಗ್ರೀನ್‌ಕಾರ್ಡು ವರ್ಷಗಟ್ಟಲೆ ನಿಂತುಹೋಯಿತು. ‘ಆ ಕಡೆ ಜನಾನೇ ಒರಟು ಬಿಡಿ’ ಎಂದು ನೀವು ಹೇಳಿದಿರಿ, ನಾನು ದೊಡ್ಡ ಮನಸ್ಸಿನವನಂತೆ ‘ಹೋಗಲಿ ಬಿಡಿ, ಪಾಪ’ ಎಂದೆ. ಥೂ. ಅವರು ಬೇರೆ ರಾಜ್ಯಕ್ಕೆ ಹೋಗಿ, ಎಷ್ಟೋ ವರ್ಷದ ಮೇಲೆ ಇಲ್ಲೇ ಹತ್ತಿರದ ಬೆರ್ರಿಯೆಸಾಗೆ ವಾಪಸು ಬಂದರೆಂದು ಕೇಳಿದ್ದೆ. ಒಮ್ಮೆ ಇಂಡಿಯನ್ ಗ್ರೋಸರಿಯಲ್ಲಿ ದೂರದಿಂದ ಕಂಡರು. ನಾನು ಅಕ್ಕಿ ಮೂಟೆಗಳ ಹಿಂದೆ ಬಗ್ಗಿ ನಿಂತೆ — ಇಷ್ಟು ವಯಸ್ಸಾದ ಗಂಡಸು.

ಹಾಗೇ ಸತ್ತುಹೋಗುತ್ತಿದ್ದೆನೇನೋ. ಹೋದ ತಿಂಗಳು ವಾಲ್ನಟ್ ಕ್ರೀಕ್‌ನಲ್ಲಿ ಹಳೆಯ ಹಾಲಿವುಡ್ ಕಾಮಿಡಿಗಳ ಪ್ರದರ್ಶನವಿದೆ, ಆಮೇಲೆ ಒಬ್ಬರು ಪ್ರೊಫೆಸರ್ ಮಾತಾಡುತ್ತಾರೆಂದು ತಿಳಿದು ಬಾರ್ಟ್ ರೈಲು ಹತ್ತಿ ಹೋದೆ. ಪ್ರೊಫೆಸರ್ ಎಂದು ಎದ್ದು ಬಂದದ್ದು ಮೇಘಾ. ಹೆಸರು ಕೇಳಿದಾಗಲೇ ಗೊತ್ತಾಯಿತು. ಅಪ್ಪನದೇ ಕಣ್ಣು.

ನನಗೆ ಬಾಯಿಪಾಠವಾಗಿದ್ದ ದೃಶ್ಯಗಳನ್ನೇ ಅವಳು ಪರದೆಯ ಮೇಲೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಕಣ್ಣು ಹೊರಳಿಸುತ್ತಿದ್ದ ಆ ಕರಿಯ ನಟರಲ್ಲಿ ಎಂಥೆಂಥ ಕಲಾವಿದರಿದ್ದರು, ಅವರಿಗೆ ಬೇರೆ ಪಾರ್ಟೇ ಏಕೆ ಸಿಗಲಿಲ್ಲ, ಬಿಳಿಯರೇ ಬಣ್ಣ ಬಳಿದುಕೊಂಡು ನಮ್ಮಂಥವರ ವೇಷ ಹಾಕಿದ್ದೇಕೆ ಎಂದೆಲ್ಲ ಬಿಡಿಸಿ ಹೇಳಿದಳು. ಯಾರಿಗೆ ಏಟು ಬಿದ್ದರೆ ನೋವಾದಂತೆ ಕಾಣುವುದೇ ಇಲ್ಲವೋ, ಅದನ್ನು ನೋಡಿ ಎಂದಳು. ಕೊನೆಯಲ್ಲಿ ಯಾರೋ, ನೀವು ಈ ವಿಷಯಕ್ಕೆ ಬಂದದ್ದು ಹೇಗೆ ಎಂದು ಕೇಳಿದರು.

ಅವಳು ಹೇಳಿದಳು: ನಾನು ಚಿಕ್ಕವಳಿದ್ದಾಗ ನನ್ನ ಅಪ್ಪ ಒಂದು ಕಾಮಿಡಿ ನಾಟಕದ ಮಧ್ಯೆ, ಏನೂ ಕಾರಣವಿಲ್ಲದೆ, ಒಬ್ಬ ಮನುಷ್ಯನನ್ನು ರಕ್ತ ಬರುವಂತೆ ಹೊಡೆದರು. ಎಲ್ಲರೂ ನಗುತ್ತಿದ್ದರು. ಅವತ್ತಿನಿಂದ ನಾನು ಅಪ್ಪನಿಗೆ ಹೆದರುತ್ತೇನೆ. ಈಗಲೂ.

ಎದ್ದು ನಿಲ್ಲಬೇಕಿತ್ತು. ಆ ಮನುಷ್ಯ ನಾನೇ ಕಣಮ್ಮ, ಕಾರಣ ಇತ್ತು, ಕಾರಣ ನಾನೇ — ಎನ್ನಬೇಕಿತ್ತು. ಏಳಲಿಲ್ಲ. ತಲೆ ಬೋಳಾದ ಮುದುಕನನ್ನು ಅವಳು ಗುರುತಿಸಲೂ ಇಲ್ಲ. ಕಳ್ಳನಂತೆ ಹೊರಬಂದೆ.

ಮರುದಿನ ಬೆಳಿಗ್ಗೆ ಸಂಗಮೇಶರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ನನ್ನನ್ನು ಗುರುತು ಹಿಡಿದು, ಬಲಗಡೆಯ ಕಿವಿ ನನ್ನ ಕಡೆ ಬರುವಂತೆ ಕತ್ತು ತಿರುಗಿಸಿದರು. ಎಡಗಿವಿ ಪೂರ್ತಿ ಹೋಗಿದೆ. ನಾನು ನಿಂತಲ್ಲೇ ಅಳುತ್ತ ಎಲ್ಲ ಒಪ್ಪಿಕೊಂಡೆ. ಅವರು ಕೇಳಿಸಿಕೊಂಡರು.

‘ಇದನ್ನೆಲ್ಲ ನನಗ್ಯಾಕ ಹೇಳ್ತೀರಿ? ಕಿವಿ ನಂದ ಹೋಗೇತಿ. ನನಗ ಗೊತ್ತಿಲ್ಲೇನು?’

‘ಹೊಡೀರಿ ಸಂಗಮೇಶ್. ದಮ್ಮಯ್ಯ, ಸಾಯೋ ಹಾಗೆ ಹೊಡೀರಿ ನನಗೆ.’

ಕೊರಳಪಟ್ಟಿಗೆ ಕೈ ಹಾಕಿ ನನ್ನನ್ನು ಗೋಡೆಗೆ ದಬ್ಬಿದರು. ಹಿಂದಲೆ ಗೋಡೆಗೆ ಬಡಿಯಿತು. ಮುಷ್ಟಿಯನ್ನು ನನ್ನ ಕಣ್ಣೆದುರಿಗೇ ಎತ್ತಿದರು, ಅಂಗೈಯಂಚಿನಲ್ಲಿ ಅವತ್ತಿನ ಕಪ್ಪಿನ ಚೂರುಗಳ ಗಾಯದ ಗೆರೆಗಳು. ‘ಹೊಡದ್ರ ಏನ್ ಮಾಡ್ತೀರಿ? ಮತ್ತ ನಾನ ಮದಲ ಹೊಡದೆ ಅಂತ ಪೊಲೀಸರಿಗೆ ಹೇಳಾಕೇನು?’ ಎಂದು ಹಲ್ಲು ಕಡಿದರು. ಆಮೇಲೆ ನನ್ನನ್ನು ಬಿಟ್ಟು, ಉಸಿರು ಸಮ ಮಾಡಿಕೊಂಡು ಕುರ್ಚಿಯಲ್ಲಿ ಕುಳಿತರು. ‘ಹೇಳೂದಿದ್ರ ಮಗಳಿಗೆ ಹೇಳ್ರಿ. ನಾ ಹೇಳಿದ್ದೆ. ನಂಬಲಿಲ್ಲ. ಡಿವಿಡಿ ಹಾಕಿ ನನಗ ತೋರಿಸಿದ್ಲು, ಎಲ್ಲಿ ಹೊಡದಾರಪ್ಪ ಅಂತ.’

ತಮ್ಮ ಫೋನಿನಿಂದಲೇ ಮಗಳಿಗೆ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ‘ಹಾಯ್ ಅಪ್ಪಾ, ಏನಾಯ್ತು?’ ಎಂದಳು. ನಾನು ಹೆಸರು ಹೇಳಿದೆ. ಟ್ರೇ ಹೇಳಿದೆ, ಮಸಿ ಹೇಳಿದೆ, ಎರಡು ಏಟು, ಒಂದು ಒದೆ, ಪೊಲೀಸರಿಗೆ ಹೇಳಿದ ಸುಳ್ಳು — ಒಂದನ್ನೂ ಬಿಡಲಿಲ್ಲ.

‘ಬೇಕಂತಲೇನಾ ಅಂಕಲ್?’

‘ಬೇಕಂತಲೇ ಕಣಮ್ಮ.’

‘ಅಪ್ಪ ಹೇಳಿದ್ದು ಟ್ರೂ?’

‘ಪ್ರತಿಯೊಂದು ಮಾತೂ.’

ಆಮೇಲೆ ಅವಳು ಮಾತಾಡಿದ್ದು ನನ್ನೊಂದಿಗಲ್ಲ, ತನ್ನೊಂದಿಗೇ ಎಂಬಂತಿತ್ತು. ಅಳುತ್ತಿದ್ದಳು. ‘ಓ ಗಾಡ್… ನಮ್ಮ ಪಾಪೂನ ಒಂದು ದಿನಾನೂ ಅಪ್ಪನ ಹತ್ರ ಒಬ್ಬನ್ನೇ ಬಿಟ್ಟಿಲ್ಲ ನಾನು. ಡೇಕೇರ್ ಇದೆ, ಕೋಲ್ಡ್ ಆಗಿದೆ ಅಂತ ಏನೇನೋ ಹೇಳ್ತಿದ್ದೆ. ಭಯ ಆಗ್ತಿತ್ತು ನಂಗೆ. ಹೊಡೆದುಬಿಟ್ರೆ ಅಂತ.’

ಸ್ಪೀಕರ್ ಹಾಕಿದೆಯೆಂದು, ಅಪ್ಪನಿಗೂ ಕೇಳುತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳುವುದು ನನಗೂ ಹೊಳೆಯಲಿಲ್ಲ. ಸಂಗಮೇಶ ಮೇಜಿನ ಮೇಲೆ ಬಗ್ಗಿ, ಬಲಗಿವಿಯನ್ನು ಫೋನಿಗೆ ಹತ್ತಿರ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೊಮ್ಮಗನಿಗೆ ಅಷ್ಟೊಂದು ಸಲ ಶೀತವಾಗುತ್ತದೆಂದು ಅವರು ನಿಜವಾಗಿಯೂ ನಂಬಿದ್ದರು.

‘ಅದಕ್ಕ ಏನವ್ವಾ, ಪಾಪೂಗ ಶೀತ ಆಗೇತಿ ಅಂತಿದ್ದಿ?’ ಎಂದು ಕೇಳಿದರು.